ಮರ ಕಡಿದರೆ ಹಳ್ಳ ಕೆಂಪಾಗುತ್ತದಾ?

ಪ್ರಶ್ನೆ: ನಮ್ಮದು ಮಲೆನಾಡಿನ ಇಳಿಜಾರಿನಲ್ಲಿರುವ ಕಾಫಿ ತೋಟ. ಬೆಳೆದು ನಿಂತ ಸಿಲ್ವರ್ ಓಕ್ ಮರಗಳನ್ನು ಈ ಬೇಸಿಗೆಯಲ್ಲಿ ಕಡಿಸಬೇಕೆಂದಿದ್ದೇವೆ. ತೋಟದ ಕೆಳಗೆ ಹಳ್ಳ ಹರಿಯುತ್ತದೆ. ಮರ ಕಡಿದರೆ ಮಣ್ಣೆಲ್ಲ ಹಳ್ಳಕ್ಕೆ ಇಳಿಯುತ್ತದೆ ಅನ್ನುತ್ತಾರೆ. ಹೌದಾ? ತಡೆಯೋದು ಹೇಗೆ?

ಉತ್ತರ: ಮಣ್ಣು ಇಳಿಯುವುದು ನಿಜ. ಆದರೆ ಅದರಲ್ಲಿ ಹೆಚ್ಚಿನ ಪಾಲು ಮರ ಕಡಿದ ಜಾಗದಿಂದ ಬರುವುದಿಲ್ಲ, ನಾಟ ಎಳೆದ ದಾರಿಯಿಂದ ಬರುತ್ತದೆ. ಮರ ಉರುಳಿದ ಮೇಲೂ ಬೇರು ಕೆಲವು ವರ್ಷ ಮಣ್ಣನ್ನು ಹಿಡಿದುಕೊಂಡಿರುತ್ತದೆ. ನೆಲದ ಮೇಲೆ ತರಗೆಲೆ ಹಾಸಿರುತ್ತದೆ. ಟ್ರಾಕ್ಟರ್ ಹತ್ತಿಳಿದ ಕಡೆ, ದಿಮ್ಮಿ ಉಜ್ಜಿಕೊಂಡು ಹೋದ ಕಡೆ ಹಾಗಲ್ಲ. ತರಗೆಲೆ ಕಿತ್ತುಹೋಗಿರುತ್ತದೆ, ಮಣ್ಣು ಒತ್ತಿ ಗಟ್ಟಿಯಾಗಿರುತ್ತದೆ, ನೀರು ಇಂಗುವುದಿಲ್ಲ. ಮುಂಗಾರಿನ ಜೋರು ಮಳೆ ಬಿದ್ದರೆ ಆ ದಾರಿಯೇ ಕಾಲುವೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಫರ್ನೋ ಎಂಬ ಪ್ರಾಯೋಗಿಕ ಅರಣ್ಯವಿದೆ. 1957-58ರಲ್ಲಿ ಅಲ್ಲಿನ ಅಕ್ಕಪಕ್ಕದ ಹಳ್ಳಗಳ ಜಲಾನಯನಗಳಲ್ಲಿ ಬೇರೆ ಬೇರೆ ರೀತಿ ಮರ ಕಡಿಸಿದರು. ಒಂದು ಕಡೆ ದಾರಿ ಎಲ್ಲಿ ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟರು. ಇನ್ನೊಂದು ಕಡೆ ದಾರಿಯನ್ನು ಮೊದಲೇ ಗುರುತಿಸಿ, ಇಳಿಜಾರು ಕಡಿಮೆ ಇಟ್ಟು, ಹಳ್ಳದಿಂದ ದೂರ ಒಯ್ದರು. ನೀರು ಎಷ್ಟು ಕದಡಿದೆ ಎಂದು ಅಳೆದರು; ಅಂಕಿ ಹೆಚ್ಚಿದಷ್ಟೂ ಕೆಸರು ಹೆಚ್ಚು. ಮೊದಲನೆಯ ಹಳ್ಳದಲ್ಲಿ ಅದು ಒಂದು ಹಂತದಲ್ಲಿ 56,000ಕ್ಕೆ ಏರಿತು. ಎರಡನೆಯದರಲ್ಲಿ 25 ದಾಟಲಿಲ್ಲ. ಒಂದೂ ಮರ ಕಡಿಯದ ಕಾಡಿನ ಹಳ್ಳದಲ್ಲಿ 15 ಇತ್ತು! ಕಡಿದ ಮರಗಳ ಪ್ರಮಾಣವೂ ಬೇರೆ ಬೇರೆ ಇತ್ತು, ನಿಜ. ಆದರೂ ಇಷ್ಟು ದೊಡ್ಡ ಅಂತರಕ್ಕೆ ದಾರಿಗಳೇ ಕಾರಣ ಎಂದು ಸಂಶೋಧಕರು ಕಂಡುಕೊಂಡರು.

ಹಾಗಾಗಿ ಮರಕ್ಕೆ ಗುರುತು ಹಾಕುವ ಮೊದಲು ದಾರಿಗೆ ಗುರುತು ಹಾಕಿ. ಹಳೆಯ ತೋಟದ ರಸ್ತೆ ಚೆನ್ನಾಗಿದ್ದರೆ ಅದನ್ನೇ ಬಳಸಿ. ಸಾಧ್ಯವಿದ್ದ ಕಡೆ ದಿಮ್ಮಿಯನ್ನು ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕಿ ಮೇಲಕ್ಕೆ ಎಳೆಸಿ. ಕೆಳಕ್ಕೆ ಎಳೆದರೆ ಹತ್ತಾರು ಜಾಡುಗಳು ಇಳಿದು ಒಂದೇ ಕಡೆ ಸೇರುತ್ತವೆ, ಮಳೆನೀರೂ ಅದೇ ಜಾಡು ಹಿಡಿದು ಅಲ್ಲಿಗೇ ಬರುತ್ತದೆ. ಮೇಲಕ್ಕೆ ಎಳೆದರೆ ಜಾಡುಗಳು ಕೆಳಗೆ ಹೋದಂತೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ, ನೀರು ಚದುರಿ ಇಂಗುತ್ತದೆ. ಮರ ಅಷ್ಟೇ, ಗುಡ್ಡವೂ ಅದೇ, ಎಳೆಯುವ ದಿಕ್ಕು ಬದಲಾದರೆ ಸಾಕು. ಇದು ತುಂಬ ಜನರಿಗೆ ಹೊಳೆಯುವುದೇ ಇಲ್ಲ.

ಹಳ್ಳದ ಪಕ್ಕ ಎಷ್ಟು ಜಾಗ ಬಿಡಬೇಕು ಅಂತಲೂ ಕೇಳುತ್ತಾರೆ. ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ ಕೆಲಸ ಮಾಡಿದ ಸಂಶೋಧಕರು 1957ರಲ್ಲಿ ಒಂದು ಸುಲಭ ಲೆಕ್ಕ ಕೊಟ್ಟರು. ದಾರಿಗೂ ಹಳ್ಳಕ್ಕೂ ನಡುವೆ 25 ಅಡಿ ಇರಲಿ, ಇಳಿಜಾರಿನ ಪ್ರತಿ ಒಂದು ಶೇಕಡಾಕ್ಕೆ ಇನ್ನೂ 2 ಅಡಿ ಸೇರಿಸಿ. ಕುಡಿಯುವ ನೀರಿನ ಹಳ್ಳವಾದರೆ ದುಪ್ಪಟ್ಟು. ನಿಮ್ಮ ತೋಟ ನೂರು ಅಡಿಗೆ 30 ಅಡಿ ಇಳಿಯುತ್ತದೆ ಅನ್ನಿ. ಆಗ 85 ಅಡಿ, ದುಪ್ಪಟ್ಟಾದರೆ 170 ಅಡಿ. ನನ್ನ ಅಭಿಪ್ರಾಯದಲ್ಲಿ ಮಲೆನಾಡಿನ ಮಳೆಗೆ ದುಪ್ಪಟ್ಟು ಲೆಕ್ಕವೇ ಸರಿ. ಆ ಪಟ್ಟಿಯೊಳಗೆ ಟ್ರಾಕ್ಟರ್, ಜೆಸಿಬಿ ಇಳಿಸಬೇಡಿ. ಬುಡ ಕೀಳಿಸಬೇಡಿ. ತರಗೆಲೆ ಗುಡಿಸಬೇಡಿ. ದಂಡೆಯ ಮೇಲಿರುವ ಕಾಡುಮರಗಳನ್ನಂತೂ ಮುಟ್ಟಲೇಬೇಡಿ.

ಹಳ್ಳ ದಾಟಲೇಬೇಕಾದರೆ ಒಂದೇ ಕಡೆ ದಾಟಿ. ತಳ ಬಂಡೆಯಾಗಿರುವ ಜಾಗ ಹುಡುಕಿ, ದಿಮ್ಮಿಗಳ ಸಂಕ (ತಾತ್ಕಾಲಿಕ ಸೇತುವೆ) ಹಾಕಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಹಳ್ಳದ ನೀರಿನಲ್ಲೇ ದಿಮ್ಮಿ ಎಳೆಯುವುದು ಬೇಡವೇ ಬೇಡ.

ಕೆಲವರು ಕೆಳಗೊಂದು ದೊಡ್ಡ ಗುಂಡಿ ತೆಗೆದರೆ ಸಾಕು, ಹೂಳೆಲ್ಲ ಅಲ್ಲೇ ನಿಲ್ಲುತ್ತೆ ಅಂದುಕೊಳ್ಳುತ್ತಾರೆ. ಮರಳು ನಿಲ್ಲುತ್ತದೆ. ಸಣ್ಣ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಕೆಲವೇ ನಿಮಿಷ ಸಾಕು. ಜೇಡಿಯ ನುಣ್ಣನೆ ಕಣಕ್ಕೆ ಅಷ್ಟೇ ಆಳ ಇಳಿಯಲು ಸುಮಾರು ಮೂರು ದಿನ ಬೇಕು. ಜುಲೈ ಮಳೆಯಲ್ಲಿ ನೀರು ಮೂರು ದಿನ ನಿಂತೀತಾ? ನಮ್ಮ ಕೆಂಪು ಮಣ್ಣಿನಲ್ಲಿ ಹಳ್ಳಕ್ಕೆ ಬಣ್ಣ ಬರುವುದೇ ಆ ನುಣ್ಣನೆ ಕಣಗಳಿಂದ. ಕಾಫಿ ಸಾಲುಗಳ ನಡುವಿನ ತೊಟ್ಟಿಲು ಗುಂಡಿಗಳು ಒಳ್ಳೆಯವೇ, ಏಕೆಂದರೆ ಅವು ನೀರನ್ನು ಹುಟ್ಟಿದಲ್ಲೇ ಹಿಡಿದು ಇಂಗಿಸುತ್ತವೆ. ಹಳ್ಳದ ಬಾಯಲ್ಲಿ ಒಂದೇ ಗುಂಡಿ ತೋಡಿದರೆ ಆ ಕೆಲಸ ಆಗುವುದಿಲ್ಲ.

ಹೂಳು ಬಂದರೆ ಏನಾಗುತ್ತದೆ? ಹಳ್ಳದ ಕಲ್ಲುಗಳ ಸಂದು ಮುಚ್ಚಿಹೋಗುತ್ತದೆ. ಸಣ್ಣ ಮೀನುಗಳು ಮೊಟ್ಟೆ ಇಡುವುದು, ಅವು ತಿನ್ನುವ ಹುಳಗಳು ಬದುಕುವುದು ಅಲ್ಲೇ. ಕೆಳಗಿನವರ ಗದ್ದೆ, ಕೆರೆ, ಪೈಪು ಎಲ್ಲಕ್ಕೂ ಅದೇ ಹೂಳು. ಗುಡ್ಡದ ಮೇಲಿನ ತೋಟದವರಿಗೆ ಇದು ಕಾಣುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ಜಾಸ್ತಿ ಮರೆತುಹೋಗುವ ಕೆಲಸ ಕೊನೆಯದು. ನಾಟ ಸಾಗಿಸಿ ಮುಗಿದ ಮೇಲೆ ಎಳೆದ ದಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಬೇಕು. ದಾರಿ ನೂರಕ್ಕೆ 10 ಅಡಿ ಇಳಿಯುವಲ್ಲಿ ಸುಮಾರು 80 ಅಡಿಗೊಂದು, 20 ಅಡಿ ಇಳಿಯುವಲ್ಲಿ 45 ಅಡಿಗೊಂದು. ಏರಿ ಸ್ವಲ್ಪ ಓರೆಯಾಗಿರಲಿ, ನೀರು ಪಕ್ಕದ ತರಗೆಲೆಯ ಮೇಲೆ ಹರಡಲಿ, ಹಳ್ಳಕ್ಕೆ ನೇರವಾಗಿ ಬೀಳಬಾರದು. ಕಡಿದ ಸೊಪ್ಪು, ರೆಂಬೆಗಳನ್ನು ಸುಡಬೇಡಿ, ಬರಿಯ ದಾರಿಯ ಮೇಲೆ ಹಾಸಿ. ಇದೆಲ್ಲ ಮುಂಗಾರಿಗೆ ಮೊದಲೇ ಆಗಬೇಕಾದರೆ ಮರ ಕಡಿಯುವುದು ಏಪ್ರಿಲ್ ಒಳಗೆ ಮುಗಿಯಲಿ. ನಡುವೆ ಮಳೆ ಬಂದರೆ ನೆಲ ಆರುವವರೆಗೆ ಎಳೆಯುವುದನ್ನು ನಿಲ್ಲಿಸಿ.

ನಾಟದ ವ್ಯಾಪಾರಿಯ ಜೊತೆ ಕರಾರು ಮಾಡುವಾಗ ದಾರಿ ಎಲ್ಲಿ, ಸಂಕ ಯಾರು ತೆಗೆಯಬೇಕು, ಏರಿ ಯಾರು ಹಾಕಬೇಕು ಎಂದು ಬರೆಸಿಕೊಳ್ಳಿ. ವ್ಯಾಪಾರಿಯಿಂದ ಮೊದಲೇ ಒಂದಿಷ್ಟು ಠೇವಣಿ ಇಟ್ಟುಕೊಂಡು, ಏರಿಗಳನ್ನೆಲ್ಲ ನೀವೇ ನಡೆದು ನೋಡಿದ ಮೇಲೆ ವಾಪಸ್ ಕೊಡಿ.