ಓಡುತ್ತಿತ್ತೋ, ಕಾಯುತ್ತಿತ್ತೋ?

"ಸರ್, ಒಂದು ಕ್ವೆರಿ ನಲವತ್ತು ನಿಮಿಷದಿಂದ ಓಡ್ತಿತ್ತು, ಕಿಲ್ ಮಾಡಿದ್ವಿ. ಈಗ ಅದೇ ಥರದ್ದು ಇನ್ನೂ ಮೂವತ್ತು ಬಂದು ನಿಂತಿವೆ." ಡೇಟಾಬೇಸ್ ನೋಡಿಕೊಳ್ಳುವ ನನಗೆ ಇಂಥ ಫೋನ್ ಆಗಾಗ ಬರುತ್ತದೆ. ಕ್ವೆರಿ ಎಂದರೆ ಡೇಟಾಬೇಸ್‌ಗೆ ಕೊಡುವ ಆದೇಶ. ನಾನು ಕೇಳುವುದು ಒಂದೇ: ಅದು ಓಡುತ್ತಿತ್ತೋ, ಕಾಯುತ್ತಿತ್ತೋ?

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಮಾತು ಹೇಳುತ್ತೇನೆ. ನಿಧಾನದ ಕ್ವೆರಿಗಳನ್ನು ದಾಖಲಿಸುವ ಸ್ಲೋ ಕ್ವೆರಿ ಲಾಗ್‌ಗೆ ಸಾಲು ಬೀಳುವುದು ಕ್ವೆರಿ ಮುಗಿದ ಮೇಲೆ. ಈ ಕ್ಷಣದ ಸ್ಥಿತಿ ಬೇಕಾದರೆ ಈಗಿನ ಸಂಪರ್ಕಗಳ ಪಟ್ಟಿಯಾದ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಬೇಕು. ಅಷ್ಟು ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ 'ಆಕ್ಟಿವ್' ಎಂದು ಕಂಡ ಕೂಡಲೇ ಅದು ಕೆಲಸ ಮಾಡುತ್ತಿದೆ ಅಂದುಕೊಳ್ಳುತ್ತಾರೆ. ಲಾಕ್‌ಗಾಗಿ, ಅಂದರೆ ಬೇರೆಯವರು ಹಿಡಿದಿಟ್ಟ ಡೇಟಾ ಬಿಡುಗಡೆಯಾಗಲೆಂದು, ಕೈಕಟ್ಟಿ ನಿಂತ ಕ್ವೆರಿಯೂ 'ಆಕ್ಟಿವ್' ಎಂದೇ ಕಾಣುತ್ತದೆ! ಪಕ್ಕದ ವೇಟ್_ಇವೆಂಟ್_ಟೈಪ್ ಕಾಲಂ ನೋಡಿ. ಅಲ್ಲಿ 'ಲಾಕ್' ಎಂದಿದ್ದರೆ ಆ ಕ್ವೆರಿಗೆ ಹುಡುಕಾಟ ಬೇಗವಾಗಿಸುವ ಇಂಡೆಕ್ಸ್ ಹಾಕಿ ಪ್ರಯೋಜನವಿಲ್ಲ, ಕೊಂದೂ ಪ್ರಯೋಜನವಿಲ್ಲ. ಅದರ ದಾರಿಗೆ ಅಡ್ಡ ನಿಂತವರು ಬೇರೆ ಯಾರೋ. 2016ರ 9.6 ಆವೃತ್ತಿಯಿಂದ ಪಿಜಿ_ಬ್ಲಾಕಿಂಗ್_ಪಿಡ್ಸ್ ಎಂಬ ಫಂಕ್ಷನ್ ಅವರ ಗುರುತಿನ ಸಂಖ್ಯೆಯನ್ನು (ಪಿಡ್) ನೇರವಾಗಿ ಕೊಡುತ್ತದೆ. ಹಾಗೆ ಸಿಕ್ಕ ಪಿಡ್ ಕೂಡ ಇನ್ನೊಬ್ಬರಿಗಾಗಿ ಕಾಯುತ್ತಿರಬಹುದು. ಕಾಯುವವರ ಸಾಲಿನ ತಲೆ ಸಿಗುವವರೆಗೂ ಹಿಡಿದುಕೊಂಡು ಹೋಗಿ.

ಒಂದು ಕಾಲೇಜಿನಲ್ಲಿ ಶುಲ್ಕ ಕಟ್ಟುವ ಕೊನೆಯ ದಿನ ಎಲ್ಲ ಪಾವತಿಯೂ ನಿಂತಿತ್ತು. ಆ್ಯಪ್ ಸರ್ವರ್ ಎರಡು ಸಲ ರೀಸ್ಟಾರ್ಟ್ ಮಾಡಿದ್ದರು. ಸಾಲಿನ ತಲೆಯಲ್ಲಿ ಇದ್ದದ್ದು 'ಐಡಲ್ ಇನ್ ಟ್ರಾನ್ಸಾಕ್ಷನ್', ಅಂದರೆ ಶುರುಮಾಡಿದ ಬದಲಾವಣೆ ಮುಗಿಸದೆ, ಏನನ್ನೂ ಓಡಿಸದೆ ನಿಂತ ಒಂದು ಸೆಷನ್ (ಡೇಟಾಬೇಸ್ ಸಂಪರ್ಕ). ಸಪೋರ್ಟ್‌ನ ಹುಡುಗನೊಬ್ಬ ಟೇಬಲ್‌ನಲ್ಲಿ ರಸೀದಿ ಸಂಖ್ಯೆ ಇಡುವ ಸಾಲನ್ನು ತಿದ್ದಿ, ಕಮಿಟ್ ಕೊಡದೆ (ಬದಲಾವಣೆ ಖಾಯಂ ಮಾಡದೆ) ಊಟಕ್ಕೆ ಹೋಗಿದ್ದ. ಕಮಿಟ್ ಆಗುವವರೆಗೆ ಅದರ ಲಾಕ್ ಅವನದೇ, ಪ್ರತಿ ಪಾವತಿಗೂ ಅದೇ ಒಂದು ಸಾಲು ಬೇಕು. ಪಾಪ, ಅವನ ಅಪ್‌ಡೇಟ್ ಮುಗಿದದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ, ಆದ್ದರಿಂದ ಯಾವ ಸ್ಲೋ ಲಾಗ್‌ನಲ್ಲೂ ಅವನಿಲ್ಲ. ಅವನನ್ನು ಬೈಯಬೇಡಿ ಎಂದು ಕೇಳಿಕೊಂಡೆ. ನೇರ ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ಬಳಸುತ್ತಿರುವ ಡೇಟಾಬೇಸ್‌ನಲ್ಲೇ, ಕೈಯಾಡಿಸಲು ಬಿಟ್ಟದ್ದು ಅವನ ತಪ್ಪಲ್ಲ.

ಇಂಥ ಸೆಷನ್‌ಗೆ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ನಾಟುವುದಿಲ್ಲ, ರದ್ದು ಮಾಡಲು ಓಡುತ್ತಿರುವ ಕ್ವೆರಿಯೇ ಇಲ್ಲವಲ್ಲ. ಸೆಷನ್ನನ್ನೇ ಕಡಿಯುವ ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಬೇಕು. ಅದು ಕಮಿಟ್ ಆಗದ ಕೆಲಸವನ್ನೆಲ್ಲ ಅಳಿಸುತ್ತದೆ, ಹಾಗಾಗಿ ಸಾಧ್ಯವಾದರೆ ಮೊದಲು ಆ ಮನುಷ್ಯನಿಗೆ ಫೋನ್ ಮಾಡಿ. ಇಂಥ ಸೆಷನ್‌ಗಳನ್ನು ತಾನಾಗಿ ಕಡಿಯುವ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಮೂಲದಲ್ಲಿ 0, ಅಂದರೆ ಮಿತಿಯೇ ಇಲ್ಲ. ನಾನು ಸಾಮಾನ್ಯವಾಗಿ ಐದು ನಿಮಿಷ ಇಡುತ್ತೇನೆ. ನಿಮ್ಮ ರಾತ್ರಿ ಬ್ಯಾಚ್ ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡೇ ಹೊರಗಿನ ಸೇವೆಗಾಗಿ ಕಾಯುವಂಥದ್ದಾದರೆ, ಅದರ ಯೂಸರ್‌ಗೆ ಬೇರೆ ಮಿತಿ ಕೊಡಿ.