ಎರಡೇ ಸುತ್ತು ಸಾಕು

ಫ್ಲೈ ಕಟ್ಟುವುದನ್ನು ಕಲಿಸುವಾಗ ನಾನು ಪದೇ ಪದೇ ಹೇಳುವ ಮಾತು ಒಂದೇ: ‘ಸಾಕು, ನಿಲ್ಲಿಸಿ.’ ಅದರಲ್ಲೂ ಸಾಫ್ಟ್ ಹ್ಯಾಕಲ್ ಕಟ್ಟುವಾಗ ಕಲಿಯುವವರ ಕೈ ನಿಲ್ಲುವುದೇ ಇಲ್ಲ. ಗರಿ ಇನ್ನೂ ಉಳಿದಿದೆ, ಇನ್ನೊಂದು ಸುತ್ತು ಹಾಕಿಬಿಡೋಣ ಅನಿಸುತ್ತದೆ. ಫ್ಲೈ ಕೆಡುವುದೇ ಆ ಇನ್ನೊಂದು ಸುತ್ತಿನಿಂದ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಮೀನು ಹಿಡಿಯಲು ಗಾಳದ ಕೊಕ್ಕೆಗೆ ದಾರ, ಗರಿ, ತುಪ್ಪಳ ಸುತ್ತಿ ಮಾಡಿದ ನಕಲಿ ಹುಳವೇ ಫ್ಲೈ. ನೀರಿನ ಮೇಲೆ ತೇಲುವುದು ಡ್ರೈ ಫ್ಲೈ, ಒಳಗೆ ಇಳಿಯುವುದು ವೆಟ್ ಫ್ಲೈ. ಕುತ್ತಿಗೆಗೆ ಸುತ್ತುವ ಗರಿಯೇ ಹ್ಯಾಕಲ್. ವೆಟ್ ಫ್ಲೈಗಳಲ್ಲಿ ತೀರಾ ಸರಳವಾದದ್ದು ಈ ಸಾಫ್ಟ್ ಹ್ಯಾಕಲ್. ರೇಷ್ಮೆ ದಾರದ ತೆಳು ಮೈ, ಮುಂದೆ ಮೆತ್ತನೆಯ ಗರಿ, ಅಷ್ಟೇ. ರೆಕ್ಕೆ ಇಲ್ಲ, ಬಾಲ ಇಲ್ಲ. ಇಂಗ್ಲೆಂಡಿನ ಉತ್ತರದಲ್ಲಿ, ಯಾರ್ಕ್‌ಶೈರ್‌ನ ವಾರ್ಫ್, ನಿಡ್, ಯೂರ್ ಹೊಳೆಗಳ ದಡದಲ್ಲಿ ಬೆಳೆದ ಫ್ಲೈ ಇದು. ಅಲ್ಲಿನವರು ಇದನ್ನು ಸ್ಪೈಡರ್ ಅನ್ನುತ್ತಾರೆ. ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೂವರ್ಟ್ 1857ರಲ್ಲೇ ತಮ್ಮ ಸ್ಪೈಡರ್‌ಗಳ ಬಗ್ಗೆ ಬರೆದಿದ್ದರು. ಅಂದರೆ ನಾವು ಈಗ ಕಟ್ಟುತ್ತಿರುವುದು ತುಂಬಾ ಹಳೆಯ ಸರಕು. ಆದರೂ ಇವತ್ತಿಗೂ ಮೀನು ಕಚ್ಚುತ್ತದೆ, ಅದಕ್ಕೆ ಕಾರಣವಿದೆ.

ಟ್ರೌಟ್ ಮೀನು ತನ್ನ ಊಟದ ಬಹುಪಾಲನ್ನು ನೀರಿನ ಒಳಗೇ ಮುಗಿಸುತ್ತದೆ. ಮೇಫ್ಲೈ ಹುಳ ತಳದಿಂದ ಮೇಲೇರಿ, ನೀರಿನ ಮೇಲ್ಪದರದ ಹತ್ತಿರ ಪೊರೆ ಕಳಚಿ ಹಾರಬೇಕು. ಆ ಹೊತ್ತಿನಲ್ಲಿ ಅದಕ್ಕೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಪೊರೆಯಲ್ಲೇ ಸಿಕ್ಕಿಬಿದ್ದವು, ಮುಳುಗಿ ಸತ್ತವು ಬೇರೆ. ಬೀಟಿಸ್ ಜಾತಿಯ ಹೆಣ್ಣುಹುಳಗಳಂತೂ ಮೊಟ್ಟೆ ಇಡಲು ಕಲ್ಲು ಹಿಡಿದುಕೊಂಡು ನೀರಿನೊಳಗೇ ಇಳಿಯುತ್ತವೆ, ಆಮೇಲೆ ಹೊಳೆ ಎಳೆದ ಕಡೆ ಹೋಗುತ್ತವೆ. ಇವೆಲ್ಲದರಲ್ಲೂ ಮೀನಿಗೆ ಕಾಣುವುದು ಒಂದು ಸಣ್ಣ ಮೈ, ಅದರ ಸುತ್ತ ಅಲುಗಾಡುವ ಕಾಲು-ರೆಕ್ಕೆಗಳ ಗೊಂದಲ. ಮೆತ್ತನೆಯ ಗರಿಯ ಎಳೆಗಳು ಪ್ರವಾಹದಲ್ಲಿ ತೆರೆದು ಮುಚ್ಚುವಾಗ ಹುಟ್ಟುವುದೂ ಅದೇ ಗೊಂದಲ. ಎಳೆ ಹತ್ತಿಪ್ಪತ್ತು ಇದ್ದರೆ ಒಂದೊಂದೂ ಅಲುಗಾಡುತ್ತದೆ. ಜಾಸ್ತಿ ಆದರೆ ಒಂದಕ್ಕೊಂದು ಅಂಟಿಕೊಂಡು ಒದ್ದೆ ಕುಂಚದ ತರಹ ಆಗಿಬಿಡುತ್ತದೆ. ಕುಂಚವನ್ನು ಯಾವ ಮೀನು ತಿನ್ನುತ್ತದೆ?

ಕಲಿಯಲು ಪಾರ್ಟ್ರಿಜ್ ಅಂಡ್ ಆರೆಂಜ್‌ಗಿಂತ ಒಳ್ಳೆಯ ಫ್ಲೈ ಇಲ್ಲ. 14ನೇ ಸೈಜಿನ ವೆಟ್ ಫ್ಲೈ ಕೊಕ್ಕೆ, ಕಿತ್ತಳೆ ರೇಷ್ಮೆ, ಯುರೋಪಿನ ಬೂದು ಪಾರ್ಟ್ರಿಜ್ ಹಕ್ಕಿಯ ಬೆನ್ನಿನ ಕಂದು ಚುಕ್ಕೆಯ ಗರಿ. ಸಾಮಾನು ಇಷ್ಟೇ.

ಗರಿ ಆರಿಸುವಲ್ಲೇ ಅರ್ಧ ಕೆಲಸ ಇದೆ. ಎಳೆಯನ್ನು ಕೊಕ್ಕೆಯ ಪಕ್ಕ ಹಿಡಿದು ನೋಡಿ. ಕೊಕ್ಕೆಯ ಕಣ್ಣಿನ, ಅಂದರೆ ದಾರ ಪೋಣಿಸುವ ತೂತಿನ, ಹಿಂದಿನಿಂದ ಅದರ ಬಾಗಿನವರೆಗೆ ಬಂದರೆ ಸರಿ, ಸ್ವಲ್ಪ ದಾಟಿದರೂ ತೊಂದರೆ ಇಲ್ಲ. ಪಾರ್ಟ್ರಿಜ್‌ನ ಬೆನ್ನಿನಲ್ಲಿ ದೊಡ್ಡ ಗರಿಗಳೇ ಜಾಸ್ತಿ, ಚಿಕ್ಕವು ಸಿಗುವುದು ಕುತ್ತಿಗೆ ಮತ್ತು ಭುಜದ ಹತ್ತಿರ. ಅವನ್ನು ಮೊದಲೇ ಬೇರೆ ಮಾಡಿ ಇಟ್ಟುಕೊಳ್ಳಿ. ಬುಡದ ಹತ್ತಿಯಂಥ ತುಪ್ಪಳವನ್ನು ಕಿತ್ತುಹಾಕಿ. ನಾನು ಹೆಚ್ಚಾಗಿ ದಂಟಿನ ಒಂದು ಬದಿಯ ಎಳೆಗಳನ್ನೂ ಕಿತ್ತುಬಿಡುತ್ತೇನೆ. ಆಗ ಎರಡು ಸುತ್ತು ಹಾಕಿದರೂ ಗರಿ ವಿರಳವಾಗಿಯೇ ಇರುತ್ತದೆ, ಕೈಗೆ ದುರಾಸೆ ಹುಟ್ಟುವುದಿಲ್ಲ.

ಹಳಬರ ಕ್ರಮದಲ್ಲಿ ಗರಿ ಮೊದಲು, ಮೈ ಆಮೇಲೆ. ಕಣ್ಣಿನ ಹಿಂದೆ ದಾರ ಶುರು ಮಾಡಿ ಗರಿಯ ದಂಟನ್ನು ಅಲ್ಲೇ ಕಟ್ಟಿ. ಗರಿಯ ತುದಿ ಮುಂದಕ್ಕೆ, ಕಣ್ಣಿನ ಆಚೆಗೆ ಚಾಚಿರಲಿ. ಈಗ ಅದೇ ದಾರವನ್ನು ಸುತ್ತಿಗೆ ಸುತ್ತು ತಾಗಿಸಿಕೊಂಡು ಹಿಂದಕ್ಕೆ ಒಯ್ಯಿರಿ. ಎಲ್ಲಿವರೆಗೆ? ಕೊಕ್ಕೆಯ ಮೊನೆಯ ನೇರಕ್ಕೆ ಬಂದಾಗ ನಿಲ್ಲಿಸಿ. ಬಾಗಿನ ಕಡೆಗೆ ಇಳಿಯಬೇಡಿ, ಮೈ ಚಿಕ್ಕದಾಗಿದ್ದರೇ ಚೆಂದ. ಅಲ್ಲಿಂದ ವಾಪಸ್ ಗರಿಯ ಹತ್ತಿರ ಬನ್ನಿ. ಗರಿಯನ್ನು ಪ್ಲೈಯರ್‌ನಲ್ಲಿ ಹಿಡಿದು ದಾರದ ಕಡೆಗೆ ಎರಡು ಸುತ್ತು ಹಾಕಿ. ಒಳಬಾಗಿನ ಬದಿ ಹಿಂದಕ್ಕೆ ತಿರುಗಿರಬೇಕು. ತುದಿಯನ್ನು ಕಟ್ಟಿ ಕತ್ತರಿಸಿ. ಕೊನೆಗೆ ದಾರವನ್ನು ಎಳೆಗಳ ನಡುವೆ ಅತ್ತಿತ್ತ ಅಲುಗಾಡಿಸುತ್ತಾ ಮುಂದಕ್ಕೆ ತಂದು ಗಂಟು ಹಾಕಿ. ದಾರ ಗರಿಯ ದಂಟನ್ನು ಅಡ್ಡಹಾಯುವುದರಿಂದ ಮೀನಿನ ಹಲ್ಲಿಗೆ ಅದು ಸುಲಭಕ್ಕೆ ಬಿಚ್ಚುವುದಿಲ್ಲ. ಮೈ ಮೊದಲು ಮಾಡಿ ಗರಿಯನ್ನು ಕೊನೆಗೆ ಸುತ್ತುವವರೂ ಇದ್ದಾರೆ, ತಪ್ಪೇನಿಲ್ಲ. ನನಗೆ ಮಾತ್ರ ಹಳೆಯ ಕ್ರಮವೇ ಇಷ್ಟ, ತಲೆ ಚಿಕ್ಕದಾಗಿ ಬರುತ್ತದೆ.

ದಾರ ರೇಷ್ಮೆಯದ್ದೇ ಯಾಕೆ ಆಗಬೇಕು, ನೈಲಾನ್ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ, ಆದರೆ ಬಣ್ಣದ ಆಟ ಸಿಗುವುದಿಲ್ಲ. ಒಣಗಿದ್ದಾಗ ಕಣ್ಣು ಕುಕ್ಕುವ ಕಿತ್ತಳೆ ರೇಷ್ಮೆ, ಒದ್ದೆಯಾದಾಗ ಗಾಢವಾಗಿ ಕಂದಿಗೆ ತಿರುಗುತ್ತದೆ, ಕೊಕ್ಕೆಯ ನೆರಳೂ ಅದರೊಳಗಿಂದ ಕಾಣುತ್ತದೆ. ಹಳದಿ ರೇಷ್ಮೆಗೆ ಮೋಚಿಗಳು ಬಳಸುವ ಮೇಣ ಸವರಿದರೆ ಆಲಿವ್ ಛಾಯೆ ಬರುತ್ತದೆ. ಹಾಗಾಗಿ ಕಟ್ಟುವಾಗ ಕೊಕ್ಕೆಯನ್ನು ಹಿಡಿದಿಡುವ ವೈಸ್‌ನಲ್ಲಿ ಕಂಡ ಬಣ್ಣವನ್ನು ನಂಬಬೇಡಿ. ಮೊದಲ ಫ್ಲೈಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ ನೋಡಿ, ಆಮೇಲೆ ಉಳಿದವನ್ನು ಕಟ್ಟಿ.

ಇದು ಕೈಗೆ ಬಂದರೆ ಉಳಿದವು ಸುಲಭ. ಸ್ನೈಪ್ ಅಂಡ್ ಪರ್ಪಲ್‌ಗೆ ನೇರಳೆ ರೇಷ್ಮೆ, ಸ್ನೈಪ್ ಹಕ್ಕಿಯ ರೆಕ್ಕೆಯ ಪುಟ್ಟ ಕಪ್ಪು ಗರಿ. ವಾಟರ್‌ಹೆನ್ ಬ್ಲೋವಾಗೆ ಹಳದಿ ರೇಷ್ಮೆಯ ಮೇಲೆ ಮೋಲ್ ಪ್ರಾಣಿಯ ತುಪ್ಪಳ, ಮೂರ್‌ಹೆನ್ ಹಕ್ಕಿಯ ರೆಕ್ಕೆಯ ಒಳಬದಿಯ ಹೊಗೆ ಬಣ್ಣದ ಗರಿ. ವಸಂತದ ಚಳಿ ದಿನಗಳಲ್ಲಿ ಏಳುವ ಲಾರ್ಜ್ ಡಾರ್ಕ್ ಆಲಿವ್ ಹುಳಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಇಲ್ಲೂ ತುಪ್ಪಳ ಎಷ್ಟು ಕಡಿಮೆ ಇರಬೇಕೆಂದರೆ, ಕೆಳಗಿನ ಹಳದಿ ಎದ್ದು ಕಾಣಬೇಕು. ಹಳೆಯ ಪಟ್ಟಿಗಳಲ್ಲಿ ಬರುವ ಡಾಟರೆಲ್ ಹಕ್ಕಿಗೆ ಬ್ರಿಟನ್ನಿನಲ್ಲಿ ಈಗ ಕಾನೂನಿನ ರಕ್ಷಣೆ ಇದೆ. ಅದರ ಬದಲು ಸ್ಟಾರ್ಲಿಂಗ್ ಗರಿ ಬಳಸಿ. ಮೀನು ದೂರು ಕೊಡುವುದಿಲ್ಲ.

ನಿಧಾನದ ನೀರಿಗಾದರೆ ಒಂದು ಚಿಕ್ಕ ಬದಲಾವಣೆ ಮಾಡಿ. ಗರಿಯ ಹಿಂದೆ ಚಿಟಿಕೆ ಮೊಲದ ತುಪ್ಪಳ ಸುತ್ತಿ. ಎಳೆಗಳು ಮೈಗೆ ಅಂಟದಂತೆ ಅದು ಎತ್ತಿ ಹಿಡಿಯುತ್ತದೆ.

ಹೊಳೆಯಲ್ಲಿ ಇದನ್ನು ಹರಿವಿಗೆ ಅಡ್ಡವಾಗಿ ಎಸೆದು ಕೆಳಕ್ಕೆ ತೇಲಿಬಿಡುವವರೇ ಹೆಚ್ಚು. ಸ್ಟೂವರ್ಟ್ ಹೇಳಿದ್ದು ಉಲ್ಟಾ: ಪ್ರವಾಹಕ್ಕೆ ಎದುರಾಗಿ, ಚಿಕ್ಕ ದಾರದಲ್ಲಿ. ನನ್ನ ಒಲವೂ ಆ ಕಡೆಗೇ. ಮೀನಿನ ಹಿಂದೆ ನಿಂತಿರುತ್ತೀರಿ, ಫ್ಲೈ ಎಳೆತವಿಲ್ಲದೆ ಬರುತ್ತದೆ. ಕೆಳಕ್ಕೆ ಬಿಟ್ಟರೂ ಕೊನೆಯಲ್ಲಿ ಅವಸರಪಟ್ಟು ಎತ್ತಬೇಡಿ. ದಾರ ಬಿಗಿಯಾಗಿ ಫ್ಲೈ ಮೇಲೇರುವ ಆ ಕ್ಷಣದಲ್ಲೇ ಎಷ್ಟೋ ಮೀನು ಕಚ್ಚುತ್ತವೆ. ಅಮೆರಿಕದ ಪೆನ್ಸಿಲ್ವೇನಿಯಾದ ಜೇಮ್ಸ್ ಲೈಸನ್‌ರಿಂಗ್ ಇದನ್ನೇ ಬೇಕೆಂದೇ ಮಾಡುತ್ತಿದ್ದರು. ಮೀನು ಇರುವ ಜಾಗಕ್ಕೆ ಫ್ಲೈ ಬಂದಾಗ ಕೋಲನ್ನು ಮೆಲ್ಲಗೆ ಎತ್ತಿ ಅದನ್ನು ಏರಿಸುವುದು ಅವರ ಉಪಾಯ.

ಒಂದಷ್ಟು ಮೀನು ಕಚ್ಚಿದ ಮೇಲೆ ಗರಿಯ ಎಳೆಗಳು ಉದುರಿ ನಾಲ್ಕೈದೇ ಉಳಿಯುತ್ತವೆ. ಅಂಥ ಫ್ಲೈಯನ್ನು ಎಸೆಯಬೇಡಿ, ಹೊಸದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದುಂಟು. ಮೈಯ ರೇಷ್ಮೆ ಬಿಚ್ಚಿಕೊಂಡರೆ ಮಾತ್ರ ಬದಲಾಯಿಸಿ.