ಹದಿನೆಂಟು ಎಚ್‌ಪಿ ಇದೆ, ತೂಕ ಎಲ್ಲಿ?

ನಮ್ಮ ಭಾವ ಪುಣೆಯಲ್ಲಿ ಮೂವತ್ತು ವರ್ಷ ನೌಕರಿ ಮಾಡಿ, ನಿವೃತ್ತರಾದ ಮೇಲೆ ಸಾಸವಡದ ಹತ್ತಿರ ಎರಡು ಎಕರೆ ತೋಟ ತೆಗೆದುಕೊಂಡರು. ಅಂಜೂರ, ಸೀತಾಫಲ. ಗಿಡದ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ನುಗ್ಗುವುದಿಲ್ಲ. ಹಳೆಯದೊಂದು ಮಿನಿ ಟ್ರ್ಯಾಕ್ಟರ್ ನೋಡೋಣ ಬಾ ಎಂದು ನನ್ನನ್ನೂ ಕರೆದುಕೊಂಡು ಹೋದರು.

ಮೊದಲ ಗಾಡಿ ಹೊಸ ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿತ್ತು. "ಏಕದಮ್ ಕಡಕ್, ಅಠರಾ ಎಚ್‌ಪಿ" ಎಂದ ಮಾರುವವ, ಅಂದರೆ ಇಂಜಿನ್ನಿಗೆ ಹದಿನೆಂಟು ಅಶ್ವಶಕ್ತಿ. ಭಾವನ ಮುಖ ಅರಳಿತು. ನಾನು ನೋಡಿದ್ದು ಹಿಂದಿನ ಗಾಲಿ. ರಿಮ್ಮಿನಲ್ಲಿ ಬೋಲ್ಟಿನ ತೂತುಗಳಿದ್ದವು, ಗಾಲಿಗೆ ಭಾರ ಕೊಡಲು ಅಲ್ಲಿರಬೇಕಾದ ಬೀಡಿನ, ಅಂದರೆ ಎರಕದ ಕಬ್ಬಿಣದ, ಬಿಲ್ಲೆಗಳು ಇರಲಿಲ್ಲ. ಕೇಳಿದರೆ, ಅವು ಸುಮ್ನೆ ಡೀಸೆಲ್ ಕುಡಿಯುತ್ತವೆ, ಅದಕ್ಕೇ ತೆಗೆದೆ ಅಂದ.

ಈ ಎಚ್‌ಪಿ ಭಕ್ತಿಯ ಬಗ್ಗೆ ನನಗೆ ಸಿಟ್ಟಿದೆ. ಲೆಕ್ಕ ಹಾಕಿ ನೋಡೋಣ. ಒಂದು ಸೆಕೆಂಡಿನಲ್ಲಿ 75 ಕಿಲೋವನ್ನು ಒಂದು ಮೀಟರ್ ಎತ್ತಿದರೆ ಅದು ಒಂದು ಎಚ್‌ಪಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಉಳುವಾಗ 18 ಎಚ್‌ಪಿ ಎಂದರೆ ಸುಮಾರು 970 ಕಿಲೋ ಎಳೆತ. ಗೇರು, ಟೈರುಗಳ ನಷ್ಟ ಕಳೆದು 700 ಅಂದ್ಕೊಳ್ಳಿ. ಈಗ ಗಾಲಿಯ ಕಡೆ ಬನ್ನಿ. ಟೈರು ತನ್ನ ಮೇಲಿರುವ ಭಾರದ ಹೆಚ್ಚೂಕಡಿಮೆ ಅರ್ಧದಷ್ಟನ್ನು ಎಳೆದರೆ ಹೊಲದಲ್ಲಿ ಅದೇ ದೊಡ್ಡದು, ಸಡಿಲ ಮಣ್ಣಿನಲ್ಲಿ ಅದೂ ಇಲ್ಲ. ಹಿಂದಿನ ಗಾಲಿಗಳ ಮೇಲೆ 400 ಕಿಲೋ ಇದ್ದರೆ ಸಿಗುವ ಎಳೆತ 200 ಕಿಲೋ. ಅದಕ್ಕಿಂತ ಜಾಸ್ತಿ ಒತ್ತಾಯ ಮಾಡಿದರೆ ಗಾಲಿ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತದೆ.

ಹಗ್ಗಜಗ್ಗಾಟ ನೆನಪಿದೆಯಾ? ಕೊನೆಯಲ್ಲಿ ನಿಲ್ಲಿಸುತ್ತಿದ್ದದ್ದು ಜಿಮ್ ಹುಡುಗನನ್ನಲ್ಲ, ದಪ್ಪ ಹುಡುಗನನ್ನು. ಸಾರಿಸಿದ ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಬೀರು ತಳ್ಳಿ ನೋಡಿ, ತೋಳಿನ ಶಕ್ತಿ ಎಷ್ಟಿದ್ದರೇನು, ಕಾಲು ಹಿಂದೆ ಸರಿಯುತ್ತದೆ. ಹೊಸ ಬಣ್ಣದ ಆ ಗಾಡಿಯೂ ಕಾಲುಚೀಲ ಹಾಕಿಕೊಂಡ ಪೈಲ್ವಾನನೇ.

ಅಮೆರಿಕದಲ್ಲಿ 1961ರ ಕಬ್ ಕೆಡೆಟ್, 1963ರ ಜಾನ್ ಡೀರ್ 110 ಎಂಬ ತೋಟದ ಟ್ರ್ಯಾಕ್ಟರುಗಳು ಬಂದಾಗ ಅವುಗಳ ಇಂಜಿನ್ ಬರೀ 7 ಎಚ್‌ಪಿ. ಆದರೂ ನೇಗಿಲು ಎಳೆಯುತ್ತಿದ್ದವು. ದಪ್ಪ ಚೌಕಟ್ಟು, ಬೀಡಿನ ಗೇರ್‌ಬಾಕ್ಸ್, ಗಾಲಿಗೆ ಕಟ್ಟುವ ಭಾರ. ಹುಲ್ಲು ಕತ್ತರಿಸಲೆಂದೇ ಮಾಡಿದ ಇಂದಿನ ಹಗುರ ಗಾಡಿಗಳಲ್ಲಿ 20 ಎಚ್‌ಪಿ ಇದ್ದರೂ ನೇಗಿಲು ಕಟ್ಟಬೇಡಿ ಅನ್ನುತ್ತಾರೆ.

ನೇಗಿಲು ಅಂದಾಗ ನಮ್ಮವರೇ ಒಬ್ಬರು ನೆನಪಾಗುತ್ತಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಅದನ್ನು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತಂತೆ. ಈಗ ಆ ಭಯ ಹೋಗಿದೆ, ಸ್ಟಿಕರ್ ಮೇಲಿನ ಅಂಕಿಗೆ ಕೈ ಮುಗಿಯುವುದು ಬಂದಿದೆ.

ಭಾರ ಎಷ್ಟಿದೆ ಎನ್ನುವುದರ ಜೊತೆಗೆ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ನಮ್ಮೂರಲ್ಲಿ ಕುಂಟೆ ಹೊಡೆಯುವಾಗ ಮೇಲೆ ಕಲ್ಲು ಹೇರುತ್ತಿದ್ದರು, ಇಲ್ಲವೇ ಮನೆಯ ಹುಡುಗನನ್ನು ಕೂರಿಸುತ್ತಿದ್ದರು. ಅದು ಸಲಕರಣೆ ಮಣ್ಣಿಗೆ ಇಳಿಯಲು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲಿ ಇದನ್ನು ತಿರುಗಿಸಿದ. ಮೂರು ತೋಳಿನಿಂದ ನೇಗಿಲನ್ನು ಟ್ರ್ಯಾಕ್ಟರಿಗೆ ಕಟ್ಟಿ, ಹೈಡ್ರಾಲಿಕ್ಕಿನಿಂದ, ಅಂದರೆ ಎಣ್ಣೆಯ ಒತ್ತಡದಿಂದ, ಹಿಡಿದ. ಮಣ್ಣು ನೇಗಿಲನ್ನು ಕೆಳಗೆ ಜಗ್ಗಿದಷ್ಟೂ ಆ ಭಾರ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಕೆಲಸ ಕಷ್ಟವಾದಷ್ಟೂ ಹಿಡಿತ ಗಟ್ಟಿ. ಇದಕ್ಕಿಂತ ಚಂದದ ಉಪಾಯ ನಾನು ಯಂತ್ರಗಳಲ್ಲಿ ಕಂಡಿಲ್ಲ. ಹಳೆಯ ಗಾಡಿ ಕೊಳ್ಳುವಾಗ ಸಲಕರಣೆ ಎತ್ತಿ ಹಿಡಿಯುವ ಈ ಹೈಡ್ರಾಲಿಕ್ ಲಿಫ್ಟನ್ನೇ ಮೊದಲು ಪರೀಕ್ಷಿಸಿ. ಸಲಕರಣೆ ಎತ್ತಿ, ಇಂಜಿನ್ ಆರಿಸಿ, ಒಂದು ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ಅದು ನೆಲ ಮುಟ್ಟಿದ್ದರೆ ಒಳಗೆ ಎಲ್ಲೋ ಸೋರುತ್ತಿದೆ.

ಇಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ನೀವು ಬರುವ ಮುಂಚೆ ಯಾರೋ ಓಡಿಸಿದ್ದಾರೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಡಿಭಾಗ ಪುಣೆಯ ನಾನಾ ಪೇಟ್ ಬಡಾವಣೆಯ ಅಂಗಡಿಗಳಲ್ಲಿ ಸಿಗುತ್ತದೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಆರ್‌ಸಿ ಬುಕ್ ಯಾರ ಹೆಸರಲ್ಲಿದೆ ಅಂತಲೂ.

ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ರೋಟಾವೇಟರ್ ಮಾತ್ರ ಬೇರೆ ಕಥೆ. ಅದಕ್ಕೆ ಶಕ್ತಿ ಹೋಗುವುದು ಪಿಟಿಓ ಶಾಫ್ಟಿನಿಂದ, ಅಂದರೆ ಇಂಜಿನ್ ನೇರವಾಗಿ ತಿರುಗಿಸುವ ದಂಡದಿಂದ, ಗಾಲಿಯಿಂದಲ್ಲ. ಅಲ್ಲಿ ಎಚ್‌ಪಿಗೆ ಬೆಲೆ ಇದೆ. ಇನ್ನು ಮಳೆ ನಿಂತ ಹೊಸತರಲ್ಲಿ ಹಸಿ ಎರೆಮಣ್ಣಿಗೆ ಭಾರದ ಗಾಡಿ ಇಳಿಸಿದರೆ ನೆಲ ಇಟ್ಟಿಗೆಯಾಗುತ್ತದೆ, ಬೇರು ಇಳಿಯುವುದಿಲ್ಲ. ಅದಕ್ಕೇ ಬಿಚ್ಚಿ ಹಾಕಬಹುದಾದ ಭಾರ ಒಳ್ಳೆಯದು. ಟೈರಿನ ವಾಲ್ವ್ ಮೇಲಕ್ಕೆ ತಿರುಗಿಸಿ ಟ್ಯೂಬಿಗೆ ಮುಕ್ಕಾಲು ನೀರು ತುಂಬಿಸುವ ಹಳೆಯ ಉಪಾಯವೂ ಇದೆ. ಲೀಟರಿಗೆ ಒಂದು ಕಿಲೋ, ಖರ್ಚಿಲ್ಲ.

ಭಾವ ಕೊನೆಗೆ ಕೊಂಡದ್ದು ಇನ್ನೊಂದು ಊರಿನ ಗಾಡಿ. ಬಣ್ಣ ಹೋಗಿತ್ತು, ಎಚ್‌ಪಿಯೂ ಕಡಿಮೆ, ಲಿಫ್ಟ್ ಮಾತ್ರ ಒಂದಿಂಚೂ ಇಳಿಯಲಿಲ್ಲ. ವಾರದ ಮೇಲೆ ಮೊದಲಿನವನ ಮನೆಯ ಮುಂದೆ ಹಾದು ಬರುವಾಗ ನೋಡಿದೆವು, ಮೇವಿನ ಬಣವೆಯ ತಾಡಪಾಲು ಹಾರದಂತೆ ನಾಲ್ಕು ದುಂಡನೆಯ ಬೀಡಿನ ಬಿಲ್ಲೆ ಹೇರಿದ್ದ. ಭಾವ ಇಳಿದು ಟೇಪು ಹಿಡಿದು ತೂತಿನ ಅಳತೆ ತೆಗೆದರು. ಸರಿಹೊಂದಿತು. ಗುಜರಿ ದರಕ್ಕೆ ತೂಗಿ ಕೊಟ್ಟ.